ಕುಚ್ಚಿನ ಶಶಿಕಲಮ್ಮನವರ ಕೆಂಪು ಕಾರು

ಗೋವಿಂದರಾಜನಗರದಲ್ಲಿ ಸೀರೆಗೆ ಕುಚ್ಚು ಕಟ್ಟುವವರು ಬೀದಿಗೊಬ್ಬರಿದ್ದಾರೆ. ಆದರೆ ಮಧ್ಯಾಹ್ನದ ಊಟ ಮುಗಿಸಿ, ಬೆಟ್ಟದ ತಿರುವುಗಳಲ್ಲಿ ಕೆಂಪು ಕಾರೊಂದನ್ನು ಬಿರುಸಾಗಿ ಓಡಿಸಿ, ಆಮೇಲೆ ಕೈತೊಳೆದು ಕುಚ್ಚಿಗೆ ಕೂರುವವರು ಶಶಿಕಲಮ್ಮನವರೊಬ್ಬರೇ. ಕಾರು ರಸ್ತೆಯದಲ್ಲ, ಮಗಳು ಸ್ಪಂದನಳ ಗೇಮ್ ಕನ್ಸೋಲಿನದು. ಮಗಳು ಕೆಲಸಕ್ಕೆಂದು ರಾಜರಾಜೇಶ್ವರಿನಗರಕ್ಕೆ ಹೊರಟುಹೋಗಿ, ಹಬ್ಬಕ್ಕೂ ವಾರದ ರಜೆಗೂ ಮಾತ್ರ ಬರುವಂತಾದ ಮೇಲೆ ಅದರ ಒಡೆತನ ತಾಯಿಯದು.

ಅವರು ಹುಟ್ಟಿದ್ದು 1971ರ ಮಾರ್ಚ್ 14, ಭಾನುವಾರ, ಕೆಂಗೇರಿಯ ಹಳೆಯ ಊರಿನಲ್ಲಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದೆ. ಅದು ಹೆಡ್ಮಾಸ್ತರರ ಅನುಕೂಲಕ್ಕಾಗಿ ಬರೆದುಕೊಂಡದ್ದು, ಅದನ್ನು ನಂಬಬೇಕಾಗಿಲ್ಲ. ಮನೆಯವರು ಹೂವು ಬೆಳೆಯುತ್ತಿದ್ದರು. ತಾಯಿ ಬೋರಮ್ಮನವರು ಕನಕಾಂಬರ ಕಟ್ಟಲು ಕೂತರೆ ಮೊಳದ ಮೇಲೆ ಮೊಳ ಬೆರಳಿನಿಂದ ಹರಿದು ಬರುತ್ತಿತ್ತು. ಅದೇ ಬೆರಳಿನ ಓಟ ಮಗಳಿಗೂ ಬಂದು, ಹೂವಿನ ಬದಲು ರೇಷ್ಮೆ ದಾರವನ್ನು ಹಿಡಿಯಿತು. ಬಣ್ಣದ ವಿಷಯದಲ್ಲಂತೂ ಶಶಿಕಲಮ್ಮನವರು ರಾಜಿಯಾಗುವವರಲ್ಲ. ಸೆರಗಿನ ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ದಾರ ಆರಿಸುವುದು ಅವರ ಪ್ರಕಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆರಿಸಿದಂತೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಹೊರತು ಸೂಜಿ ಎತ್ತುವುದಿಲ್ಲ.

ಕನ್ಸೋಲಿಗೆಂದು ಹೊಸ ಮಾನಿಟರ್ ಮನೆಗೆ ಬಂದದ್ದು 2025ರ ಆಗಸ್ಟ್ 9, ಶನಿವಾರ, ವರಮಹಾಲಕ್ಷ್ಮಿ ಹಬ್ಬದ ಮರುದಿನ. ಹಬ್ಬದ ಸೀರೆಗಳೆಲ್ಲ ಆಗಲೇ ಅವರವರ ಮನೆ ಸೇರಿದ್ದರಿಂದ ಶಶಿಕಲಮ್ಮನವರಿಗೆ ಬಿಡುವಿತ್ತು. ಪತಿ ಮೋಹನ್ ಕುಮಾರ್ ಮಾಗಡಿ ರಸ್ತೆಯ ಪಾತ್ರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಹಳೆಯದಿರುವಾಗ ಹೊಸದೇಕೆ ಎನ್ನುವ ಸ್ವಭಾವ. ಅವರು ಹಳೆಯ ಟೀವಿಯ ವೈರನ್ನೇ ತಂದು ಸಿಕ್ಕಿಸಿದರು. ಚಿತ್ರವೇನೋ ಬಂತು, ಆದರೆ ಹಳೆಯ ಟೀವಿಯಲ್ಲಿ ಬರುತ್ತಿದ್ದಷ್ಟೇ. ಡಬ್ಬದಲ್ಲಿದ್ದ ದಪ್ಪ ವೈರನ್ನು ಸ್ಪಂದನ ಹುಡುಕಿ ಹಾಕಿದಾಗ, ಡಬ್ಬದ ಮೇಲೆ ಬರೆದಿದ್ದ ಫೋರ್ ಕೆ ಎಂದರೇನೆಂದು ಮೂವರಿಗೂ ತಿಳಿಯಿತು. ಬೆಟ್ಟದ ಮೇಲಿನ ಹುಲ್ಲು ಎಸಳೆಸಳಾಗಿ ಕಾಣಿಸಿತು. ಅಕ್ಷರಗಳು ಮಾತ್ರ ಇರುವೆ ಸಾಲಿನಂತಾದವು. ಸ್ಪಂದನ ಅವನ್ನು ದೊಡ್ಡದು ಮಾಡಿದಳು.

ಬಣ್ಣ ಹೊಂದಿಸುವ ಕೆಲಸವನ್ನು ಶಶಿಕಲಮ್ಮನವರು ಯಾರಿಗೂ ಬಿಡಲಿಲ್ಲ. ಕಾರು ಕಿತ್ತಳೆಗೆ ತಿರುಗಿದೆ ಎಂಬುದು ಅವರ ಆಕ್ಷೇಪ. ದಾಳಿಂಬೆ ಕೆಂಪಿನ ದಾರದ ಉಂಡೆಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಮಾನಿಟರಿನ ಬೆನ್ನಿನಲ್ಲಿದ್ದ ಪುಟ್ಟ ಗುಂಡಿಯನ್ನು ಅತ್ತಿತ್ತ ಒತ್ತುತ್ತ, ಉಂಡೆಗೂ ಕಾರಿಗೂ ವ್ಯತ್ಯಾಸವಿಲ್ಲವೆನಿಸುವ ತನಕ ಬಿಡಲಿಲ್ಲ. ಕಡೆಯಲ್ಲಿ ಸ್ಪಂದನ, ತಾಯಿಯ ಕಣ್ಣಿಗೆ ಆಯಾಸವಾಗಬಾರದೆಂದು, ಮಾನಿಟರಿನ ಮೆನುವಿನಲ್ಲಿದ್ದ ‘ಐ ಕೇರ್’ ಎಂಬ ಸಾಲನ್ನು ಆನ್ ಮಾಡಿಟ್ಟಳು. ಅದರ ವಿಷಯ ಆಮೇಲೆ ಯಾರೂ ಯೋಚಿಸಲಿಲ್ಲ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ. ಗುರುವಾರವೆಂದು ಮೋಹನ್ ಕುಮಾರ್ ಇಂದಿಗೂ ಸಾಧಿಸುತ್ತಾರೆ, ಆದರೆ ಗುರುವಾರ ಬಂದದ್ದು ವಿಜಯದಶಮಿ. ಅಂದು ಶಶಿಕಲಮ್ಮನವರು ಕತ್ತರಿ, ಸೂಜಿಪೆಟ್ಟಿಗೆ, ಮಿಕ್ಸಿ, ಸ್ಕೂಟರುಗಳಿಗೆ ಗಂಧ ಕುಂಕುಮ ಇಟ್ಟು ಹೂ ಮುಡಿಸಿದರು. ಕನ್ಸೋಲಿಗೂ ಇಟ್ಟರು. ಮಾನಿಟರಿನ ಗಾಜಿಗೆ ಕಲೆಯಾಗಬಾರದೆಂದು ಅದರ ಕೆಳಗಿನ ಅಂಚಿನಲ್ಲಿ, ಸರಿಯಾಗಿ ನಡುವೆ, ಗಂಧದ ಮೇಲೊಂದು ದುಂಡನೆಯ ಬೊಟ್ಟು. ಪೂಜೆಯ ಕುಂಕುಮವನ್ನು ಒರೆಸುವ ಪದ್ಧತಿ ಆ ಮನೆಯಲ್ಲಿಲ್ಲ. ಅದು ತಾನಾಗಿ ಉದುರಬೇಕು.

ಹಬ್ಬ ಕಳೆದು ಕಾರು ಹತ್ತಿದಾಗ ಬೆಟ್ಟಕ್ಕೆ ಮಬ್ಬು ಕವಿದಿತ್ತು. ಹುಲ್ಲಿನ ಎಸಳುಗಳಿಲ್ಲ. ದಾಳಿಂಬೆ ಕೆಂಪು ಒಣಗಿದ ಇಟ್ಟಿಗೆಯಂತಾಗಿತ್ತು. ಬ್ರೈಟ್‌ನೆಸ್ ಎಂಬ ಸಾಲನ್ನು ಒತ್ತಿದರು. ಅದು ಬೂದು ಬಣ್ಣಕ್ಕೆ ತಿರುಗಿಕೊಂಡು ಅಲುಗಲೇ ಇಲ್ಲ. ಅದು ಬೂದಾಗಿರುವುದೋ, ತಮಗೆ ಹಾಗೆ ಕಾಣುವುದೋ? ಅವರ ಕೈ ಅಲ್ಲಿಗೇ ನಿಂತಿತು.

ಏಕೆಂದರೆ ಬೋರಮ್ಮನವರಿಗೂ ಹೀಗೆಯೇ ಆರಂಭವಾಗಿತ್ತು. ಐವತ್ತೈದು ತುಂಬುವ ಮೊದಲೇ ಅವರು ನಡುಮನೆಯ ಬಲ್ಬು ಮಂಕಾಯಿತೆನ್ನತೊಡಗಿದರು. ಬಲ್ಬು ಬದಲಾಯಿಸಿದರು, ಮತ್ತೊಮ್ಮೆ ಬದಲಾಯಿಸಿದರು. ಬಲ್ಬಿನಲ್ಲಿ ದೋಷವಿರಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಾಲ ಮಿಂಚಿತ್ತು. ಕೊನೆಯ ವರ್ಷಗಳಲ್ಲಿ ಅವರು ಹೂವನ್ನು ಮೂಸಿ ನೋಡಿ ಬೇರೆ ಮಾಡುತ್ತಿದ್ದರು. ಶಶಿಕಲಮ್ಮನವರಿಗೆ ಈಗ ಐವತ್ತನಾಲ್ಕು. ಪರದೆಯನ್ನು ದೂರಿದರೆ ಅಮ್ಮ ಬಲ್ಬನ್ನು ದೂರಿದಂತಾಗುತ್ತದೆಂದು ಅವರು ಯಾರಿಗೂ ಹೇಳಲಿಲ್ಲ. ‘ಐ ಕೇರ್’ ಎಂಬ ಸಾಲು ಕಣ್ಣಿಗೆ ಬಿದ್ದಾಗ ಮಾತ್ರ, ಅದಾದರೂ ಇರಲಿ, ಇರುವ ದೃಷ್ಟಿಯನ್ನು ಕಾಪಾಡಲಿ ಎಂದು ಮುಟ್ಟದೆ ಬಿಟ್ಟರು. ಭಯ ಹೊಕ್ಕ ಮೇಲೆ ದಾರವೂ ಮಬ್ಬಾಗತೊಡಗಿತು. ಗಿಳಿಹಸಿರು ಹೌದೋ ಅಲ್ಲವೋ ಎಂದು ಒಂದೇ ಉಂಡೆಯನ್ನು ಮತ್ತೆ ಮತ್ತೆ ಕಿಟಕಿಗೆ ಒಯ್ಯುವುದಾಯಿತು. ವೈದ್ಯರ ಬಳಿ ಹೋದರೆ ಅವರು ಹೌದೆಂದುಬಿಡುವರಲ್ಲ ಎಂಬ ಅಂಜಿಕೆ ಬೇರೆ.

ಇಂಥ ಸಮಯದಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದ ಗದಗ ಕಡೆಯ ಭಾಗವ್ವ, ಮಗಳ ಧಾರೆಯ ಸೀರೆಯನ್ನು ತಂದುಕೊಟ್ಟಿದ್ದರು. ಮದುವೆ ನವೆಂಬರ್ 27ಕ್ಕೆ. ಜರಿ ದಾರ, ಸಾಸಿವೆಯಂಥ ಮಣಿ; ಒಂದು ಗಂಟು ತಪ್ಪಿದರೂ ಸೆರಗೆಲ್ಲ ಹೇಳುತ್ತದೆ. ನವೆಂಬರ್ 8, ಶನಿವಾರ, ಶಶಿಕಲಮ್ಮನವರು ಸೀರೆಯನ್ನು ಮಡಿಸಿ, ತಮಗೆ ಬಿಡುವಿಲ್ಲವೆಂದು ಸುಳ್ಳು ಹೇಳಿ ಹಿಂದಿರುಗಿಸಿದರು. ಇನ್ನು ಮುಂದೆ ಯಾರ ಸೀರೆಯನ್ನೂ ಹಿಡಿಯಬಾರದೆಂದು ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರು.

ಭಾಗವ್ವ ಸುಮ್ಮನಿರುವವರಲ್ಲ. ಮರುದಿನ ಬೆಳಿಗ್ಗೆ ಸೀರೆಯನ್ನು ಎದೆಗವಚಿಕೊಂಡು ಕೆಳಗಿಳಿದು ಬಂದರು. ಸ್ಪಂದನ ಗೇಮ್ ಹಚ್ಚಿಕೊಂಡು ಕೂತಿದ್ದಳು. ಮೋಹನ್ ಕುಮಾರ್ ಪತ್ರಿಕೆ ಓದುತ್ತಿದ್ದರು.

“ಅಕ್ಕಾರ, ನನ್ನ ಕಡಿಂದ ಏನರ ತಪ್ಪಾಗಿದ್ರ ಹೇಳ್ರಿ. ನಾ ಬ್ಯಾರೆ ಯಾರ ಕಡೀನೂ ಹೋಗೂದಿಲ್ರಿ” ಎಂದವರು ಪರದೆಯ ಕಡೆ ತಿರುಗಿದರು. “ಇದ್ಯಾಕ್ರೀ ಇಷ್ಟ್ ಮಬ್ಬು? ಹೊಸಾದು ಅಂತೀರಿ, ಬೂದಿ ಬಳದಂಗ ಐತಲ್ರೀ.”

ಶಶಿಕಲಮ್ಮನವರು ಕಾಫಿಯ ಲೋಟವನ್ನು ಕೆಳಗಿಟ್ಟರು.

“ಭಾಗವ್ವ, ನಿಮಗೂ ಮಬ್ಬಾಗಿ ಕಾಣ್ತಾ ಇದೆಯಾ?”

“ಕಾಣ್ತೈತ್ರಿ. ನನ್ನ ಕಣ್ಣೇನ್ ಹೋಗ್ಯಾವೇನ್ರೀ?”

“ಅಪ್ಪ ಕರೆಂಟ್ ಉಳಿಸ್ತಿದಾರೆ ಆಂಟಿ” ಎಂದಳು ಸ್ಪಂದನ, ತಿರುಗಿಯೂ ನೋಡದೆ. “ಬಾತ್‌ರೂಮ್ ಲೈಟ್ ಆಯ್ತು, ಈಗ ಇದು.”

ಮೋಹನ್ ಕುಮಾರ್ ಪತ್ರಿಕೆ ಇಳಿಸಿದರು. “ನಾನಾ? ನಾನು ಅದನ್ನ ಮುಟ್ಟೇ ಇಲ್ಲ ಕಣೇ. ಅಮ್ಮ ಮಗಳು ಥಿಯೇಟರ್ ಥರ ಕತ್ಲೆ ಮಾಡ್ಕೊಂಡಿದೀರ ಅನ್ಕೊಂಡಿದ್ದೆ.”

ಒಂದು ತಿಂಗಳಿಗೂ ಮಿಕ್ಕಿ ಆ ಮನೆಯಲ್ಲಿ ಮೂವರೂ ಅದೇ ಮಬ್ಬನ್ನು ನೋಡುತ್ತಿದ್ದರು. ಒಬ್ಬರೂ ಮತ್ತೊಬ್ಬರನ್ನು ಕೇಳಿರಲಿಲ್ಲ. ಸ್ಪಂದನ ಎದ್ದು ಮಾನಿಟರಿನ ಸಾಲುಗಳನ್ನು ಒಂದೊಂದಾಗಿ ತೆರೆದಳು. ‘ಐ ಕೇರ್’ಗೆ ಬಂದಾಗ ಅವಳಿಗೆ ಏನೋ ಹೊಳೆದು, ಬಗ್ಗಿ ಕೆಳಗಿನ ಅಂಚನ್ನು ನೋಡಿದಳು.

“ಅಮ್ಮ, ಇಲ್ಲಿ ಕುಂಕುಮ ಇಟ್ಟೋರು ಯಾರು?”

“ಇನ್ಯಾರು, ನಾನೇ. ನಡು ನೋಡ್ಕೊಂಡೇ ಇಟ್ಟಿದೀನಿ.”

“ಅದರ ಕಣ್ಣಿರೋದು ಅಲ್ಲೇ ಕಣಮ್ಮ.”

ಕೋಣೆಯಲ್ಲಿ ಎಷ್ಟು ಬೆಳಕಿದೆಯೆಂದು ಅಳೆಯುವ ಪುಟ್ಟ ಕಪ್ಪು ಗಾಜೊಂದು ಅಂಚಿನ ನಡುವೆ ಇದೆಯೆಂದು ಅವಳು ವಿವರಿಸಿದಳು. ‘ಐ ಕೇರ್’ ಆನ್ ಇದ್ದಾಗ ಕೋಣೆ ಕತ್ತಲಾದರೆ, ನೋಡುವವರ ಕಣ್ಣಿಗೆ ನೋವಾಗದಿರಲೆಂದು ಪರದೆಯೂ ತನ್ನ ಬೆಳಕನ್ನು ಇಳಿಸಿಕೊಳ್ಳುತ್ತದೆ, ಬ್ರೈಟ್‌ನೆಸ್ ಸಾಲನ್ನು ಕೈಯಿಂದ ಅಲುಗಿಸಲೂ ಬಿಡುವುದಿಲ್ಲ. ಆಯುಧಪೂಜೆಯಿಂದೀಚೆಗೆ ಪಾಪ ಅದಕ್ಕೆ ಬೆಳಗೇ ಆಗಿರಲಿಲ್ಲ.

ಭಾಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಶಶಿಕಲಮ್ಮನವರು ನಗಲಿಲ್ಲ. ಬಟ್ಟೆಯಿಂದ ಒರೆಸಹೋದ ಮಗಳ ಕೈ ತಡೆದು, ಉಂಗುರದ ಬೆರಳನ್ನು ನೀರಿಗೆ ಅದ್ದಿ, ಒಣಗಿದ್ದ ಬೊಟ್ಟನ್ನು ಗಂಧದ ಸಮೇತ ಮೆಲ್ಲಗೆ ಎಬ್ಬಿಸಿ ಮಾನಿಟರಿನ ಪಾದಕ್ಕೆ ಇಟ್ಟರು. ಪರದೆ ಒಮ್ಮೆಲೇ ಬೆಳಗಲಿಲ್ಲ. ಕಿಟಕಿಯ ಪರದೆ ಸರಿಸಿದಂತೆ ನಿಧಾನವಾಗಿ ಬೆಳಕೇರಿತು. ಹುಲ್ಲು ಬಂತು. ಕಾರು ಬಂತು. ಅವರು ಒಳಗೆ ಹೋಗಿ ದಾಳಿಂಬೆ ಕೆಂಪಿನ ಉಂಡೆಯನ್ನು ತಂದು ಪಕ್ಕಕ್ಕೆ ಹಿಡಿದರು. ಬಣ್ಣಕ್ಕೆ ಬಣ್ಣ ಕೂಡಿತ್ತು.

“ಅಮ್ಮನ ಥರ ಆಯ್ತು ಅನ್ಕೊಂಡಿದ್ದೆ” ಎಂದರು, ಯಾರನ್ನೂ ನೋಡದೆ.

ಬೋರಮ್ಮನವರನ್ನು ಕೈಹಿಡಿದು ಮನೆಯೊಳಗೆ ನಡೆಸಿದ್ದ ಮೋಹನ್ ಕುಮಾರ್‌ಗೆ ಬೇರೆ ವಿವರಣೆ ಬೇಕಾಗಲಿಲ್ಲ. ಒಂದು ಮಾತು ಹೇಳಬಾರದಿತ್ತೇ ಎಂದು ಗದರಲು ಹೋದವರು ಕನ್ನಡಕ ತೆಗೆದು ಒರೆಸತೊಡಗಿದರು. ಶುಕ್ರವಾರ ರಜೆ ಹಾಕುತ್ತೇನೆ, ಕಣ್ಣಿನ ಡಾಕ್ಟರಲ್ಲಿಗೆ ಹೋಗೋಣವೆಂದರು. ಹಾಗೆಯೇ ನವೆಂಬರ್ 14ರಂದು ಹೋಗಿಯೂ ಬಂದರು. ಓದುವ ಕನ್ನಡಕದ ನಂಬರು ತುಸು ಬದಲಾಗಿತ್ತು. ತಾಯಿಗಿದ್ದ ಕಾಯಿಲೆಯ ಸುಳಿವಿರಲಿಲ್ಲ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕೆಂದರಂತೆ.

ಆದರೆ ಶಶಿಕಲಮ್ಮನವರು ಶುಕ್ರವಾರದವರೆಗೆ ಕಾಯಲಿಲ್ಲ. ಭಾಗವ್ವನ ತೋಳಿನಿಂದ ಸೀರೆಯನ್ನು ಬಿಡಿಸಿಕೊಂಡು, “ಕೊಡಿ ಇಲ್ಲಿ, ಬಿಡುವಾಯ್ತು” ಎಂದು ಕಿಟಕಿಯ ಬಳಿ ಸೆರಗು ಹರವಿ ಕುಳಿತರು. ಬರಿಗೈಯಲ್ಲಿ ನಿಂತ ಭಾಗವ್ವನಿಗೆ ಸ್ಪಂದನ ಆಟದ ರಿಮೋಟನ್ನು ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದಳು. ಕೆಂಪು ಕಾರು ಮೊದಲ ತಿರುವಿನಲ್ಲೇ ಬೇಲಿ ಮುರಿದು ಕೆರೆಗೆ ಬಿತ್ತು.

“ಬ್ರೇಕು ಎಡಗಡೆ” ಎಂದರು ಶಶಿಕಲಮ್ಮನವರು, ತಲೆಯೆತ್ತದೆ. ಜರಿ ದಾರ ಆಗಲೇ ಸೂಜಿಯ ಕಣ್ಣು ದಾಟಿತ್ತು.