ಒಂದು ಬಟನ್ ಉಳಿಸಿದ ನೀಲಗಂಗಾ

ಬೆಳಗಿನ ಐದೂವರೆ. ದೇವಣಿ ಊರಿನ ಅಂಚಿನ ಕೊಟ್ಟಿಗೆಯಲ್ಲಿ ಚಂಪಾಬಾಯಿ ಹಾಲು ಹಿಂಡುತ್ತಿದ್ದಾರೆ. ಪಕ್ಕದ ಕಟ್ಟೆಯ ಮೇಲೆ ಐದು ಹಳೆಯ ಮೊಬೈಲ್ ಹರಡಿಕೊಂಡು ಕುಳಿತವರು ನೀಲಗಂಗಾ. ಪ್ರತಿಯೊಂದರಲ್ಲೂ ಒಂದೇ ಬಟನ್ ಒತ್ತುತ್ತಾರೆ, ಆ್ಯಪ್ ಮುಚ್ಚುತ್ತಾರೆ, ಫೋನನ್ನೇ ಆರಿಸಿ ಮತ್ತೆ ಹಚ್ಚುತ್ತಾರೆ. "ಇಲ್ಲಿ ಸಿಗ್ನಲ್ ಬರಲ್ರಿ. ಅದಕ್ಕ ಪರೀಕ್ಷಾ ಮಾಡ್ಲಾಕ ಇಲ್ಲೇ ಬರ್ತೀನಿ," ಎಂದು ನಗುತ್ತಾರೆ.

ನಿಲಂಗದ ಜಂಗಮ ಮನೆತನದ ನೀಲಗಂಗಾಗೆ ಮೂವತ್ತಾರು ವರ್ಷ. ಉದಗೀರದ ಪುಟ್ಟ ಕಚೇರಿಯೊಂದರಲ್ಲಿ ಪ್ರೋಗ್ರಾಮರ್. ಅವರು ತಯಾರಿಸುವುದು ಎಸ್‌ಡಿಕೆ. ಅಂದರೆ, ಬೇರೆಯವರ ಆ್ಯಪ್‌ನೊಳಗೆ ಜೋಡಿಸುವ, ಜನ ಯಾವ ಬಟನ್ ಯಾವಾಗ ಒತ್ತಿದರೆಂದು ದಾಖಲಿಸುವ ಸಾಫ್ಟ್‌ವೇರ್ ತುಣುಕು. "ಯಾರು ಒತ್ಯಾರ ಅನ್ನೋದು ನಮಗ ಬ್ಯಾಡ. ಏನು ಒತ್ಯಾರ, ಅಷ್ಟ ಸಾಕು."

ಎರಡು ವರ್ಷದ ಹಿಂದೆ ಪುಣೆಯ ಕಂಪನಿಯೊಂದು ತನ್ನ ಜಾನುವಾರು ಆರೈಕೆಯ ಆ್ಯಪ್‌ನಿಂದ 'ಕೇಳಿ' ಬಟನ್ ತೆಗೆಯಲು ಹೊರಟಿತ್ತು. ಫೋನಿನಲ್ಲೇ ಇರುವ ಸಲಹೆಗಳನ್ನು ಓದಿ ಹೇಳುವ ಬಟನ್ ಅದು. ದಿನಕ್ಕೆ ಮೂವತ್ತು ಮಂದಿಯೂ ಒತ್ತುತ್ತಿಲ್ಲ ಎನ್ನುತ್ತಿತ್ತು ದಾಖಲೆ. ಆ ದಾಖಲೆಯ ಕೆಲಸ ನೋಡುತ್ತಿದ್ದ ನೀಲಗಂಗಾಗೆ ನಂಬಿಕೆಯಾಗಲಿಲ್ಲ. ಪರಿಚಯದ ಚಂಪಾಬಾಯಿಯನ್ನೇ ಕೇಳಿದರು.

"ದಿನಾ ಮುಂಜಾನಿ ಕೇಳ್ತೀನ್ರಿ ಅಮ್ಮನೋರ. ನನಗ ಓದ್ಲಾಕ ಬರಲ್ಲ. ಅದು ಹೋದ್ರ ಆ್ಯಪ್ ತಗೊಂಡು ಏನ್ ಮಾಡ್ಲಿ?"

ಅಂದೇ ಈ ಕೊಟ್ಟಿಗೆಯಲ್ಲಿ ಹತ್ತು ಸಲ ಒತ್ತಿ ನೋಡಿದರು. ಪುಣೆ ತಲುಪಿದ್ದು ಸೊನ್ನೆ. ಸಿಗ್ನಲ್ ಇಲ್ಲದಾಗ ಆ್ಯಪ್ ಮುಚ್ಚಿದರೆ ಹಳೆಯ ಎಸ್‌ಡಿಕೆ ಎಲ್ಲವನ್ನೂ ಮರೆಯುತ್ತಿತ್ತು. ಕಂಪನಿಯಿಂದ ಎರಡು ತಿಂಗಳ ಗಡುವು ಪಡೆದು ಹೊಸದನ್ನು ಬರೆಯತೊಡಗಿದರು. ಒತ್ತಿದ್ದೆಲ್ಲ ಮೊದಲು ಫೋನಿನಲ್ಲೇ ಉಳಿಯಬೇಕು, ಸಿಗ್ನಲ್ ಬಂದಾಗ ಹೋಗಬೇಕು, ತಲುಪಿತೆಂಬ ಉತ್ತರ ಬಂದ ಮೇಲಷ್ಟೇ ಅಳಿಯಬೇಕು.

ಹೊಸದನ್ನು ಆ್ಯಪ್‌ಗೆ ಜೋಡಿಸಿದ ಮೊದಲ ವಾರವೇ ದಿನಕ್ಕೆ ಐದು ಸಾವಿರ ಒತ್ತು! ಕಚೇರಿಯಲ್ಲಿ ಪೇಡೆ ಹಂಚಿದರು. ನೀಲಗಂಗಾ ಮಾತ್ರ ತಿನ್ನಲಿಲ್ಲ. ಉತ್ತರ ತಡವಾದಾಗಲೆಲ್ಲ ಒಂದೇ ಒತ್ತು ಎರಡು ಮೂರು ಸಲ ಹೋಗುತ್ತಿತ್ತು. ಸುಮ್ಮನಿದ್ದರೆ ಬಟನ್ ಉಳಿಯುತ್ತಿತ್ತು. ಅವರೇ ಪುಣೆಗೆ ಫೋನ್ ಮಾಡಿ ಅಂಕಿ ತಪ್ಪೆಂದರು. "ಸುಳ್ಳ ಹೇಳಿ ಉಳಿಸಿದ್ರ ಅದು ಎಷ್ಟು ದಿನ ನಿಲ್ತದ್ರಿ?"

ಪ್ರತಿ ಒತ್ತಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಎಣಿಸದಂತೆ ಸರಿಪಡಿಸಿದಾಗ ಗಡುವಿಗೆ ಮೂರೇ ದಿನವಿತ್ತು. ಹೊಸ ಅಂಕಿ: ದಿನಕ್ಕೆ ಸಾವಿರದ ಎಂಟುನೂರ ಅರವತ್ತು.

ಪುಣೆಯ ಸಭೆಯಲ್ಲಿ ಕಂಪನಿಯ ಮುಖ್ಯಸ್ಥ ಋಷಿಕೇಶ ಕೇಳಿದರಂತೆ, ಇದನ್ನಾದರೂ ನಂಬಬಹುದೇ ಎಂದು. "ತಪ್ಪಿದ್ದಾಗ ನಾನೇ ಹೇಳಿದ್ನೆಲ್ರಿ, ಈಗ ಸರಿ ಅದ ಅಂತನೂ ನಾನೇ ಹೇಳ್ತೀನಿ ಅಂದೆ," ಎಂದು ನೀಲಗಂಗಾ ನೆನೆಯುತ್ತಾರೆ. ಬಟನ್ ಉಳಿಯಿತು. ಅಷ್ಟೇ ಅಲ್ಲ, ಆ್ಯಪ್‌ನ ಮೊದಲ ಪುಟಕ್ಕೇ ಬಂತು. ಇಂದು ಹನ್ನೊಂದು ಆ್ಯಪ್‌ಗಳಲ್ಲಿ ಅವರ ಎಸ್‌ಡಿಕೆ ಕೆಲಸ ಮಾಡುತ್ತಿದೆ.

ಇನ್ನೇನು ಆಸೆ ಎಂದರೆ ಕಟ್ಟೆಯ ಮೇಲಿನ ಅತಿ ಹಳೆಯ ಫೋನ್ ಎತ್ತಿ ತೋರಿಸುತ್ತಾರೆ. "ನಮ್ಮ ಎಸ್‌ಡಿಕೆ ಈಗ ನೂರಾ ನಲವತ್ತು ಕೆಬಿ ಅದರಿ. ಇಂಥಾ ಫೋನಿಗಿ ಭಾರ ಆಗಬಾರದು. ನೂರರ ಒಳಗ ತರಬೇಕು." ಫೋನ್ ಕೆಳಗಿಟ್ಟು ಸೇರಿಸುತ್ತಾರೆ: "ತರ್ತೀನಿ."