ಹೊಲಿಗೆ ಹಾಕಿದ ಮೊಣಕಾಲು

ನಾವು ಮಿಯಾಪುರಕ್ಕೆ ಬಂದಾಗ ಸಾಫ್ಟ್‌ವೇರ್ ಮಂದಿಗೆಂದು ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಆರು. ಶುಕ್ರವಾರ ಸಂಜೆ ಭಜನೆ ನಮ್ಮ ಮನೆಯಲ್ಲೇ, ಪದ ಎತ್ತಿಕೊಡುವವಳು ನಾನೇ.

ಒಂದು ದಿನ ರಂಗೋಲಿ ಹಾಕಿ ಏಳುವಾಗ ಮೊಣಕಾಲು ತಿರುಚಿತು. ಎಲುಬುಗಳ ನಡುವಿನ ಗಾದಿ, ಡಾಕ್ಟರು ಮೆನಿಸ್ಕಸ್ ಅನ್ನುತ್ತಾರಲ್ಲ, ಅದು ಹರಿದಿತ್ತು. ಅದೇ ತಿಂಗಳು ಕೆಳಗಿನ ಮನೆಯಾಕೆಯದೂ ಹರಿಯಿತು. ಇಬ್ಬರಿಗೂ ಒಬ್ಬರೇ ಡಾಕ್ಟರು, ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್. ನನ್ನದು ಹೊರಗಿನ ಅಂಚಿನಲ್ಲಿ ಹರಿದಿದೆ, ಅಲ್ಲಿ ರಕ್ತ ಹರಿಯುತ್ತದೆ, ಹೊಲಿದರೆ ಕೂಡುತ್ತದೆ ಅಂದರು. ಆಕೆಯದು ಒಳಬದಿ, ರಕ್ತವಿಲ್ಲ, ಹರಿದ ಚೂರು ಕತ್ತರಿಸಿ ತೆಗೆದರು.

ಆಕೆ ವಾರದೊಳಗೆ ಓಡಾಡಿದಳು. ನನಗೆ ಆರು ವಾರ ಊರುಗೋಲು, ನಾಲ್ಕು ತಿಂಗಳು ನೆಲಕ್ಕೆ ಕೂರುವಂತಿಲ್ಲ. ಭಜನೆ ಆಕೆಯ ಮನೆಗೆ ಇಳಿಯಿತು. ಎರಡು ತಿಂಗಳಿಗೆಲ್ಲ ಆಕೆ ಚಾಪೆಯ ಮೇಲೆ ಕಾಲು ಮಡಚಿ ಕೂತು ಪದ ಎತ್ತಿಕೊಡತೊಡಗಿದಳು. ನಾನು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸುಳ್ಳೇಕೆ ಹೇಳಲಿ, ದೀಪ ಹಚ್ಚುವಾಗ ಆಕೆಯ ಮೊಣಕಾಲೂ ಒಮ್ಮೆ ಹಿಡಿದುಕೊಳ್ಳಲಿ ಎಂದು ಬೇಡಿಕೊಂಡೆ. ತಪ್ಪಾಯಿತೆಂದು ಗಲ್ಲ ಬಡಿದುಕೊಂಡೆ. ಮರುದಿನ ಮತ್ತೆ ಬೇಡಿಕೊಂಡೆ.

ಮೂರನೇ ತಿಂಗಳಲ್ಲಿ ಭಜನೆಯ ಹಿರಿಯಾಕೆಯೊಬ್ಬರು ನಗುತ್ತ ಅಂದರು:

“ಅಕ್ಕಾರು ಈಗ ದೇವರಿಗಿಂತ ಎತ್ತರಕ್ಕ ಕೂತಾರ ನೋಡ್ರಿ.”

ಎಲ್ಲರೂ ನಕ್ಕರು, ಕೆಳಗಿನ ಮನೆಯಾಕೆಯೂ ನಕ್ಕಳು. ನಾನು ಮೊಣಕಾಲಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿ, ಗೋಡೆ ಹಿಡಿದು ಚಾಪೆಗೆ ಇಳಿದು ಕಾಲು ಮಡಚಿಯೇಬಿಟ್ಟೆ. ಮಂಗಳಾರತಿಗೆ ಏಳಲು ಹೋದರೆ ಕಾಲು ಬಿಡಿಸಿಕೊಳ್ಳಲಿಲ್ಲ. ಒಳಗೆ ಏನೋ ಚುಳ್ ಅಂದಿತು. ಓಡಿಬಂದು ಕಂಕುಳಿಗೆ ಕೈಕೊಟ್ಟು ಎತ್ತಿದವಳು ಆಕೆಯೇ.

“ನಿಮ್ಮದು ಹೊಲದು ಉಳಿಸ್ಯಾರ್ರಿ ಅಕ್ಕಾರ,” ಅಂದಳು ಮೆಲ್ಲಗೆ. “ನಂದು ಕತ್ತರಿಸಿ ಒಗದಾರ, ಮತ್ತ ಬರಂಗಿಲ್ಲ. ಇದ್ದದ್ದರ ಕಾಯ್ಕೋರಿ.”

ಮರುದಿನ ಡಾಕ್ಟರು ಕಾಲನ್ನು ಮಡಚಿ, ತಿರುವಿ ನೋಡಿ, ಸ್ಕ್ಯಾನೂ ಮಾಡಿಸಿ, ಹೊಲಿಗೆ ಬಿಟ್ಟಿಲ್ಲ ಅಂದರು. ಬೈದರು ಕೂಡ. ಇನ್ನೂ ಎರಡು ತಿಂಗಳು ಕುರ್ಚಿಯೇ ಗತಿ. ಹೊಲಿಗೆ ಉಳಿಯಿತು, ಅದು ದೇವರ ದಯೆ. ಎತ್ತಲು ಕೈ ಬಂತು, ಅದೂ ಅವನದೇ.

ಮುಂದಿನ ಶುಕ್ರವಾರ ನನ್ನ ಕುರ್ಚಿಯನ್ನು ಆಕೆ ಬಾಗಿಲಿಂದ ತಂದು ತನ್ನ ಪಕ್ಕಕ್ಕೇ ಹಾಕಿದಳು, ಪದ ನೀವೇ ಎತ್ತಿಕೊಡಿ ಅಂದಳು. ಎತ್ತಿಕೊಟ್ಟೆ. ಆದರೆ ಆಕೆ ಸಲೀಸಾಗಿ ನೆಲಕ್ಕೆ ಇಳಿಯುವಾಗ ನನ್ನ ಕಣ್ಣು ಮೊದಲು ಹೋದದ್ದು ಆಕೆಯ ಮೊಣಕಾಲಿಗೆ. ದೇವರ ಫೋಟೋಕ್ಕೆ ಆಮೇಲೆ.