ಮುಟ್ಟಂಗಿಲ್ಲ

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಬ್ಯೂಟಿ ಪಾರ್ಲರ್. ದೇವನಹಳ್ಳಿಯಿಂದ ಸ್ವಲ್ಪ ಒಳಗೆ, ರಸ್ತೆಯ ಪಕ್ಕದಲ್ಲೇ ಮನೆ. ಹಿಂದುಗಡೆ ಕೊಟ್ಟಿಗೆ, ಮುಂದುಗಡೆ ಫೇಶಿಯಲ್. ಏರ್‌ಪೋರ್ಟ್ ಕಡೆಯ ಹೋಟೆಲುಗಳಲ್ಲಿ ಕೆಲಸ ಮಾಡುವ ಹುಡುಗಿಯರು ಐಬ್ರೋ ಮಾಡಿಸಿಕೊಳ್ಳಲು ಕೂತಿರುವಾಗ ಹಿಂದಿನಿಂದ ಹಸು ಅಂಬಾ ಎಂದರೆ ಬೆಚ್ಚಿಬೀಳುತ್ತಿದ್ದರು. "ಅಲ್ಲಾಡ್ಬೇಡ ಕಣಮ್ಮಾ, ಹುಬ್ಬು ಹೋದ್ರೆ ನಾನು ಎಲ್ಲಿಂದ ತಂದ್ಕೊಡ್ಲಿ?" ಎಂದು ಗದರುತ್ತಿದ್ದೆ. ಗದರುವುದು ನನ್ನ ಹುಟ್ಟುಗುಣ. ಗಿರಾಕಿಗಳೂ ಅದಕ್ಕೆ ಒಗ್ಗಿಹೋಗಿದ್ದರು.

ಇಂಥ ನನಗೆ, ಬಸುರಾದ ಮೂರನೇ ತಿಂಗಳಿಗೆ ಮುಖದ ತುಂಬ ಮೊಡವೆ ಎದ್ದವು. ಗಲ್ಲ, ದವಡೆ, ಬೆನ್ನು, ಎಲ್ಲಿ ನೋಡಿದರೂ ಅವೇ. ಕಾಲೇಜಿಗೆ ಹೋಗುವಾಗಲೂ ಹಾಗೆ ಎದ್ದಿರಲಿಲ್ಲ. ಅದರ ಬೆನ್ನಿಗೇ ಎರಡೂ ಕೆನ್ನೆಯ ಮೇಲೆ ಬಂಗು ಕೂತಿತು, ಕಾಫಿ ಚೆಲ್ಲಿ ಒರೆಸದೆ ಬಿಟ್ಟ ಕಲೆಯಂತೆ. ಹೊಟ್ಟೆಯ ನಡುವೆ ಒಂದು ಕಪ್ಪು ಗೆರೆಯೂ ಮೂಡಿತ್ತು. ಹೊಟ್ಟೆಯದ್ದು ಬಿಡಿ, ಸೀರೆಯೊಳಗೆ ಇರುತ್ತದೆ. ಮುಖವನ್ನು ಎಲ್ಲಿ ಮುಚ್ಚಿಡಲಿ? ಪಾರ್ಲರಿನವಳಿಗೆ ಮುಖವೇ ಬೋರ್ಡು. ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವ ನನ್ನ ಗಂಡ ಒಂದು ದಿನ ಬೆಳಿಗ್ಗೆ ನನ್ನನ್ನೇ ನೋಡುತ್ತಾ, "ಏನ್ ಮೇಡಂ, ಮುಖದ ಮೇಲೆ ರಾಗಿ ಒಣಗಾಕಿದ್ದೀಯಾ?" ಅಂದರು. ಆ ದಿನ ಅವರಿಗೆ ಊಟದ ಡಬ್ಬಿ ಕಟ್ಟಲಿಲ್ಲ.

ನನ್ನ ಹತ್ತಿರ ಅದಕ್ಕೆ ಔಷಧಿ ಇರಲಿಲ್ಲ ಎಂದಲ್ಲ. ಗಾಜಿನ ಕಪಾಟಿನಲ್ಲಿ ಸಾಲಾಗಿ ಇತ್ತು. ಅದರಲ್ಲೊಂದು ಟ್ಯೂಬು, ಮದುವೆ ಗೊತ್ತಾದ ಹುಡುಗಿಯರಿಗೆ ಮೊಡವೆ, ಕಲೆ ಎರಡಕ್ಕೂ ಕೊಡುತ್ತಿದ್ದದ್ದು. ಮೊದಲ ವಾರ ಚರ್ಮ ಸುಲಿಯುತ್ತದೆ, ಆಮೇಲೆ ಮುಖ ತಿಳಿಯಾಗುತ್ತದೆ. ಆದರೆ ನಾನು ತೋರಿಸಿಕೊಳ್ಳುತ್ತಿದ್ದ ಡಾಕ್ಟರಮ್ಮ ಮೊಡವೆ ನೋಡಿದಾಗಲೇ ನನ್ನ ಎಲ್ಲ ಕ್ರೀಮು ತರಿಸಿ, ಆ ಟ್ಯೂಬನ್ನು ಎತ್ತಿ ಪಕ್ಕಕ್ಕಿಟ್ಟಿದ್ದರು. "ಇದು ಬಸುರಿಯರಿಗೆ ಬೇಡವೇ ಬೇಡ. ಮೃದುವಾದ ಸೋಪಲ್ಲಿ ಮುಖ ತೊಳಿ, ಬಿಸಿಲಿಗೆ ಹೋಗೋವಾಗ ಸನ್‌ಸ್ಕ್ರೀನ್ ಹಚ್ಚು, ನಾನು ಬರ್ಕೊಡೋ ಮುಲಾಮು ಹಚ್ಚು. ಚಿವುಟ್ಬೇಡ. ಬಂಗು ಇದ್ರೆ ಇರ್ಲಿ, ಹೆರಿಗೆ ಆದ್ಮೇಲೆ ತಾನಾಗೇ ತಿಳಿಯಾಗುತ್ತೆ." ಮನೆಗೆ ಬಂದು ಟ್ಯೂಬನ್ನು ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟೆ. ಗಿರಾಕಿಗಳಿಗೆ ಬೇಕಾಗುತ್ತಿತ್ತು.

ಹಾಗಿರುವಾಗ ಒಬ್ಬಾಕೆ ಮಗಳ ಮದುವೆಯ ಮೇಕಪ್ಪಿಗೆ ಮಾತಾಡಲು ಬಂದರು. ಕುರ್ಚಿಯಲ್ಲಿ ಕೂತು ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದರು. "ಎಷ್ಟು ತಿಂಗ್ಳು? ಮುಖದ ಕಳೆ ನೋಡಿದ್ರೆ ಹೆಣ್ಣೇ. ಹೆಣ್ಮಗು ತಾಯಿ ಚೆಂದಾನೆಲ್ಲಾ ಎಳ್ಕೊಂಡ್ಬಿಡುತ್ತೆ" ಅಂದರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಆಮೇಲೆ ಆಕೆ ಎದ್ದು ನಿಂತು, "ನೋಡ್ತೀವಮ್ಮಾ, ಬೇರೆ ಕಡೇನೂ ಒಂದ್ಸಲ ಕೇಳ್ತೀವಿ. ನಿನ್ ಮುಖಾನೇ ಸರಿ ಮಾಡ್ಕೊಳ್ಳಕ್ಕಾಗ್ತಿಲ್ಲ, ಪಾಪ" ಅಂದರು. ಪಾಪವಂತೆ! ಬೇರೆ ದಿನವಾಗಿದ್ದರೆ ಅವರಿಗೆ ಸರಿಯಾಗಿ ಕೊಡುತ್ತಿದ್ದೆ. ಆವತ್ತು ಅವರು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಗಳಗಳನೆ ಅತ್ತುಬಿಟ್ಟೆ.

ಇದನ್ನೆಲ್ಲ ಒಳಬಾಗಿಲಲ್ಲಿ ನಿಂತು ನಮ್ಮತ್ತೆ ಕೇಳಿಸಿಕೊಂಡಿದ್ದರು. ನಂದಗುಡಿ ಕಡೆಯವರು, ಹಸು ಕಟ್ಟಿಯೇ ಸಂಸಾರ ತೂಗಿಸಿದವರು. ನನಗೆ ಅಮ್ಮ ಇಲ್ಲ. ಹಾಗಾಗಿ ಮೊದಲ ಹೆರಿಗೆ ತವರಿನಲ್ಲಿ ಎಂಬ ಮಾತೇ ಏಳಲಿಲ್ಲ, ಬಾಣಂತನ ತಮ್ಮದೇ ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಕಪಾಟಿನ ಕಡೆ ಕೈ ತೋರಿಸಿ ಕೇಳಿದರು: "ಅಲ್ಲ ಮಗಾ, ಊರೋರಿಗೆಲ್ಲ ಅದ್ಯಾವುದೋ ಟೂಬು ಕೊಡ್ತೀಯಲ್ಲ, ನೀನೇ ವಸಿ ಅಚ್ಕಬಾರ್ದಾ?"

"ಅದು ಮುಟ್ಟಂಗಿಲ್ಲ ಅತ್ತೆ" ಅಂದೆ. ಮೂಗು ಒರೆಸಿಕೊಳ್ಳುತ್ತಿದ್ದೆ, ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲಿಲ್ಲ.

ಈ ಮಾತು ನಮ್ಮ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತು. ಬೆಳಿಗ್ಗೆ ಹಾಲು ಕರೆದು ಕ್ಯಾನಿಗೆ ಸುರಿದ ಮೇಲೆ ಯಾರಾದರೂ ಲೋಟ ಹಿಡಿದುಕೊಂಡು ಹೋದರೆ ಅತ್ತೆ ಅಡ್ಡ ನಿಲ್ಲುತ್ತಿದ್ದರು. "ಡೇರಿದು ಅದು, ಮುಟ್ಟಂಗಿಲ್ಲ." ಕಾಫಿಗೆ ಬೇರೆ ತೆಗೆದಿಟ್ಟಿದ್ದರಲ್ಲಿ ಮುಗಿಸಿಕೊಳ್ಳಬೇಕು. ಮನೆಯ ಹಸು, ಮನೆಯ ಹಾಲು, ಆದರೂ ಕ್ಯಾನಿಗೆ ಬಿದ್ದ ಮೇಲೆ ಅದು ನಮ್ಮದಲ್ಲ.

ಮಾರನೆಯ ದಿನದಿಂದ ಸಂಜೆ ಹೊತ್ತು ಅತ್ತೆ ನನ್ನನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ಕಡಲೆಹಿಟ್ಟು, ಕೆನೆ, ಚಿಟಿಕೆ ಅರಿಶಿನ ಕಲಸಿ ಮುಖಕ್ಕೆ ಹಚ್ಚತೊಡಗಿದರು. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಕೆಟ್ಟದ್ದೂ ಇಲ್ಲ ಒಳ್ಳೆಯದೂ ಇಲ್ಲ. ಆದರೂ ಬೇಡ ಅನ್ನಲಿಲ್ಲ. ದಿನವೆಲ್ಲ ಊರವರ ಮುಖ ತಿಕ್ಕುವ ನನ್ನ ಮುಖವನ್ನು ಅಮ್ಮ ಹೋದ ಮೇಲೆ ಯಾರೂ ಹಾಗೆ ಮುಟ್ಟಿರಲಿಲ್ಲ. ಹುಲ್ಲು ಕೊಯ್ದು ಒರಟಾದ ಆ ಬೆರಳುಗಳು ಮೊಡವೆಗೆ ನೋವಾಗದಂತೆ ಸುತ್ತುಬಳಸಿ ಓಡಾಡುತ್ತಿದ್ದವು. ನನಗೆ ಅಲ್ಲೇ ನಿದ್ದೆ ಬರುತ್ತಿತ್ತು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಮುಖ ತೊಳೆದರೆ ಮೂಗಿನ ಪಕ್ಕ ಚುರ್ರೆಂದು ಉರಿಯಿತು. ಪಾರ್ಲರಿನ ಲೈಟು ಹಾಕಿ ನೋಡಿದೆ. ಮೂಗಿನ ಅಂಚಿನಲ್ಲಿ, ಬಾಯಿಯ ಪಕ್ಕದಲ್ಲಿ ತೆಳ್ಳಗೆ ಚರ್ಮ ಸುಲಿಯುತ್ತಿತ್ತು. ಗಲ್ಲದ ಮೊಡವೆಗಳು ಒಣಗಿದ್ದವು. ಈ ಸುಲಿತ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ಮದುವೆ ಹೆಣ್ಣುಗಳ ಮುಖದಲ್ಲಿ ನೋಡಿದ್ದೇನೆ. ಕಡಲೆಹಿಟ್ಟಿಗೆ ಚರ್ಮ ಹೀಗೆ ಸುಲಿಯುವುದಿಲ್ಲ. ಕಪಾಟು ತೆಗೆದೆ. ನಾನು ಟ್ಯೂಬನ್ನು ಯಾವಾಗಲೂ ಬುಡದಿಂದ ಒತ್ತಿ ಸುತ್ತಿಕೊಂಡು ಬರುವವಳು. ಆ ಟ್ಯೂಬಿನ ಹೊಟ್ಟೆಯನ್ನು ಯಾರೋ ಹಿಚುಕಿದ್ದರು.

ಅದನ್ನು ಹಿಡಿದುಕೊಂಡು ಕೊಟ್ಟಿಗೆಗೆ ಹೋದೆ. "ಅತ್ತೆ, ಇದನ್ನ ಮುಟ್ಟಿದ್ದು ಯಾರು?"

ಅವರ ಮುಖ ಅರಳಿತು. "ನಾನೇ ಕಣ್ ಮಗಾ. ಇಟ್ಟಿನ ಜೊತೆ ದಿನಾ ವಸಿ ಕಲಸ್ತಿದ್ದೆ. ನೋಡು, ಮೊಕ ಎಂಗೆ ತಿಳಿಯಾಗೈತೆ!"

"ಮುಟ್ಟಂಗಿಲ್ಲ ಅಂತ ಹೇಳಿರ್ಲಿಲ್ವಾ?"

"ಯಾಪಾರದ್ದು ಅಂತ ನೀನು ಅಂಗಂದೆ ಅನ್ಕಂಡೆ. ನಾನೂ ಅಂಗೇ ಮಾಡ್ದೋಳಲ್ವಾ? ನಿನ್ ಗಂಡ ಒಟ್ಟೇಲಿದ್ದಾಗ, ಮನೇಲಿ ಕರಾವು ಇಟ್ಕಂಡೂ ಡೇರಿದು ಅಂತ ಒಂದ್ ಲೋಟ ಆಲು ಕುಡೀಲಿಲ್ಲ, ನೀರು ಮಜ್ಜಿಗೇಲೇ ಕಳೆದ್ಬಿಟ್ಟೆ. ನನ್ ಸೊಸೆಗೂ ಅಂಗಾಗ್ಬಾರ್ದು ಅಂತ..."

ನನಗೆ ಪೂರ್ತಿ ಕೇಳುವ ತಾಳ್ಮೆ ಎಲ್ಲಿತ್ತು? ಕೈ ಹೊಟ್ಟೆಯ ಮೇಲೇ ಇತ್ತು. "ಅಯ್ಯೋ, ಮಗೂಗೆ ಆಗಲ್ಲ ಅಂತ ಡಾಕ್ಟರು ಬೇಡ ಅಂದಿದ್ರು! ನಿಮ್ ಕೈಯಿಂದ ನನ್ ಮಗೂಗೆ ಏನಾದ್ರೂ ಆದ್ರೆ ನಾನು ಸುಮ್ನಿರಲ್ಲ" ಎಂದು ಕಿರುಚಿದೆ. ಅತ್ತೆ ಹಾಗೇ ನಿಂತರು. ಅವರ ಕೈಯಲ್ಲಿ ಹುಲ್ಲಿನ ಕಟ್ಟಿತ್ತು, ಅದನ್ನು ಕೆಳಗಿಡುವುದನ್ನೂ ಮರೆತಿದ್ದರು.

ಆ ದಿನವೇ ಡಾಕ್ಟರಮ್ಮನ ಹತ್ತಿರ ಓಡಿದೆವು. ಅತ್ತೆಯೂ ಬಂದರು, ಆದರೆ ಒಳಗೆ ಬರಲಿಲ್ಲ, ಬಾಗಿಲ ಹೊರಗೇ ಬೆಂಚಿನ ತುದಿಯಲ್ಲಿ ಕೂತರು. ಡಾಕ್ಟರಮ್ಮ ಎಲ್ಲ ಕೇಳಿ, ಮುಖ ನೋಡಿ, ನನ್ನ ಕೈ ಹಿಡಿದುಕೊಂಡರು. "ಚರ್ಮಕ್ಕೆ ಹಚ್ಚಿದ್ದು ಒಳಗೆ ಹೋಗೋದು ತುಂಬಾ ಕಡಿಮೆ. ಅದರಲ್ಲೂ ಹಿಟ್ಟಿನ ಜೊತೆ ಚೂರೇ ಚೂರು, ಕೆಲವೇ ದಿನ. ಈ ಕ್ರೀಮು ಬೇಡ ಅಂದಿದ್ದು ಎಚ್ಚರಿಕೆಗೆ. ಈಗ ನಿಲ್ಸಿದ್ದೀಯಲ್ಲ, ಅಷ್ಟು ಸಾಕು. ಹೆದರಿ ಹೆದರಿ ಊಟ ಬಿಡ್ಬೇಡ" ಅಂದರು. ಐದನೇ ತಿಂಗಳ ಸ್ಕ್ಯಾನ್ ಹೇಗೂ ಮಾಡಿಸಬೇಕಿತ್ತು. ಅದರಲ್ಲೂ ಎಲ್ಲ ಸರಿ ಇದೆ ಎಂದು ಬಂತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಅತ್ತೆಯ ಎದೆಯದ್ದು ಇಳಿಯಲಿಲ್ಲ. ಸ್ಕ್ಯಾನಿನ ವಿಷಯ ಹೇಳಿದಾಗ, "ಆ ಮಿಷನ್ನಿಗೆ ಮಗೀನ ಚರ್ಮ ಕಾಣ್ತದಾ ಮಗಾ?" ಎಂದು ಕೇಳಿದರು. ಕಾಣುವುದಿಲ್ಲ ಎಂದೆ. ಸುಳ್ಳು ಹೇಳಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ಅಲ್ಲಿಂದಾಚೆಗೆ ಅತ್ತೆ ನನ್ನನ್ನು ಮುಟ್ಟುವುದನ್ನೇ ಬಿಟ್ಟರು. ತಲೆಗೆ ಎಣ್ಣೆ ಒತ್ತಲಿಲ್ಲ, ಕಾಲು ಊದಿದರೆ ಬಿಸಿನೀರು ತಂದಿಟ್ಟು ದೂರ ಸರಿಯುತ್ತಿದ್ದರು. ಸೀಮಂತದಲ್ಲಿ ಬಳೆ ತೊಡಿಸುವುದನ್ನೂ ಪಕ್ಕದ ಮನೆಯವರ ಕೈಲಿ ಮಾಡಿಸಿದರು. ಆದರೆ ದಿನಾ ಬೆಳಿಗ್ಗೆ ಹಾಲು ಕ್ಯಾನಿಗೆ ಬೀಳುವ ಮುಂಚೆ ಒಂದು ಚೊಂಬು ಒಳಗೆ ಬರುತ್ತಿತ್ತು. ಕಾಸಿ, ಆರಿಸಿ, ಲೋಟಕ್ಕೆ ಬಗ್ಗಿಸಿ ನನ್ನ ಹತ್ತಿರ ಇಟ್ಟು ಹೋಗುತ್ತಿದ್ದರು. ಮೊಡವೆ ಮತ್ತೆ ಎದ್ದವು. ಕನ್ನಡಿ ನೋಡಿದಾಗ ನನಗೆ ಅವುಗಳಿಗಿಂತ ಹೆಚ್ಚು ನಾನಾಡಿದ ಮಾತು ಕಾಣಿಸುತ್ತಿತ್ತು. ಒಂದೆರಡು ಸಲ, "ಅತ್ತೆ, ಕೋಪದಲ್ಲಿ ಅಂದೆ, ಬಿಟ್ಬಿಡಿ" ಅಂದೆ. "ನೀನು ಸರ್ಯಾಗೇ ಅಂದೆ, ತಾಯಿ" ಎಂದು ಹೇಳಿ ಎದ್ದು ಹೋಗುತ್ತಿದ್ದರು.

ಹೆರಿಗೆಯಾಯಿತು. ಹೆಣ್ಣುಮಗು. ಅತ್ತೆಯನ್ನು ಒಳಗೆ ಬಿಟ್ಟಾಗ ಅವರು ಹೆಣ್ಣೋ ಗಂಡೋ ಎಂದು ಕೇಳಲಿಲ್ಲ. ಮಂಚದಿಂದ ಒಂದು ಮಾರು ದೂರ ನಿಂತು, "ಚರ್ಮ ಎಂಗೈತೆ?" ಎಂದು ಕೇಳಿದರು. ಆಮೇಲೆ ಕತ್ತು ಮುಂದೆ ಚಾಚಿ ನೋಡಿದರು. ಮಗುವಿನ ಮೂಗಿನ ಮೇಲೆ, ಗಲ್ಲದ ಮೇಲೆ ಸಣ್ಣ ಸಣ್ಣ ಬಿಳಿಯ ಗುಳ್ಳೆಗಳಿದ್ದವು. ಅತ್ತೆ, "ಅಯ್ಯೋ ದೇವ್ರೇ, ನಾನು ಅಚ್ಚಿದ್ದು" ಅಂದವರೇ ಗೋಡೆ ಹಿಡಿದುಕೊಂಡರು.

ಡಾಕ್ಟರಮ್ಮ ಅಲ್ಲೇ ಇದ್ದರು. ಬಂದು ಮಗುವನ್ನು ಬೆಳಕಿಗೆ ತಿರುಗಿಸಿ ತೋರಿಸಿದರು. "ಅಜ್ಜೀ, ಇದು ಹುಟ್ಟಿದ ಮಕ್ಕಳಿಗೆ ಸಾಮಾನ್ಯ. ನಿಮ್ಮ ಮಗನಿಗೂ ಇದ್ದಿರುತ್ತೆ, ನೀವು ಮರ್ತಿರ್ತೀರಿ. ತಾನಾಗೇ ಹೋಗುತ್ತೆ. ಏನೂ ಹಚ್ಚೋದು ಬೇಡ."

"ಇಲ್ಲ ತಾಯಿ, ಅಚ್ಚಲ್ಲ. ಏನೂ ಅಚ್ಚಲ್ಲ" ಎಂದು ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡರು.

ಡಾಕ್ಟರಮ್ಮ ಹೋದ ಮೇಲೆ, "ಎತ್ಕೊಳಿ ಅತ್ತೆ" ಅಂದೆ. ತಲೆಯಾಡಿಸಿದರು. "ಬ್ಯಾಡ ಮಗಾ. ನಾನು ಮುಟ್ಟಂಗಿಲ್ಲ."

ನನ್ನ ಬಾಯಿಗೆ ಬಂದದ್ದು ಗದರಿಕೆಯೇ. "ಏನತ್ತೆ ನೀವು, ಇವಳೇನು ಡೇರಿಗೆ ಹಾಕೋ ಹಾಲಾ? ಬನ್ನಿ ಇಲ್ಲಿ."

ಹತ್ತಿರ ಬಂದು ಕೈ ಚಾಚಿದರು. ಚಾಚುವ ಮುಂಚೆ ತಮ್ಮ ಚರ್ಮ ಮಗುವಿಗೆ ತಾಕದಿರಲೆಂದು ಸೆರಗನ್ನು ಎರಡೂ ಅಂಗೈಯ ಮೇಲೆ ಎಳೆದುಕೊಂಡಿದ್ದರು. ನಾನು ಆ ಸೆರಗನ್ನು ಪಕ್ಕಕ್ಕೆ ಸರಿಸಿ, ಮಗುವನ್ನು ಅವರ ಬರಿಗೈಯಲ್ಲಿ ಇಟ್ಟೆ.